ಅಂಕಿತವಿಲ್ಲದ ಚಿತ್ರ

ಕಿಟಕಿಗೆ ಬೆನ್ನುಮಾಡಿ ಕುಳಿತ ಹುಡುಗಿ. ತೊಡೆಯ ಮೇಲೆ ಚಿತ್ರದ ಹಾಳೆಗಳನ್ನಿಡುವ ದೊಡ್ಡ ಕಡತ; ಬಲಗೈಯಲ್ಲಿ ಸೀಸದ ಕಡ್ಡಿ. ಮೈಮೇಲೆ ಬಿಳಿಯ ಮಸ್ಲಿನ್ ಉಡುಪು, ಕುರ್ಚಿಯ ಮೇಲೆ ಹಾಸಿದ ತಿಳಿಗೆಂಪಿನ ಶಾಲು. ಕೆನ್ನೆಯ ಪಕ್ಕಕ್ಕೆ ಇಳಿದುಬಂದ ಹೊಂಬಣ್ಣದ ಗುಂಗುರು ಕೂದಲು. ಬರೆಯುತ್ತಿದ್ದವಳು ಆಗತಾನೇ ತಲೆಯೆತ್ತಿ ಎದುರಿಗಿದ್ದವರನ್ನು ನೋಡಿದ್ದಾಳೆ. ನಗುವಿಲ್ಲ, ಸಂಕೋಚವೂ ಇಲ್ಲ. ನೋಡಲಿಕ್ಕೆಂದೇ ನೋಡುವ ನೋಟ, ಅಳತೆ ತೆಗೆದುಕೊಳ್ಳುವ ನೋಟ ಅದು. ಕೋಣೆಯಲ್ಲಿ ಅಲಂಕಾರವೆನ್ನುವಂಥದು ಒಂದೂ ಇಲ್ಲ. ಹಿಂದಿನ ಕಿಟಕಿಯ ಗಾಜೊಂದು ಒಡೆದಿದೆ. ಆಚೆ ದೂರದಲ್ಲಿ, ಎದುರು ಕಟ್ಟಡದ ಜಗಲಿಯ ಅಂಚಿನಲ್ಲಿ, ಒಬ್ಬ ಗಂಡಸು, ಒಬ್ಬ ಹೆಂಗಸು ನಿಂತಿದ್ದಾರೆ. ಅವರು ಬೆರಳುದ್ದದ ಗೊಂಬೆಗಳು. ಆದರೂ ಚಿತ್ರವನ್ನು ಒಮ್ಮೆ ಕಂಡವರು ಅವರನ್ನು ಮರೆಯುವುದಿಲ್ಲ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿರುವ ಈ ತೈಲಚಿತ್ರ 161 ಸೆಂಟಿಮೀಟರ್ ಎತ್ತರ, 129 ಸೆಂಟಿಮೀಟರ್ ಅಗಲ. ಅಂದರೆ ಹುಡುಗಿ ಹೆಚ್ಚುಕಡಿಮೆ ನಿಜದ ಅಳತೆಯಲ್ಲಿಯೇ ಇದ್ದಾಳೆ. ಬರೆದದ್ದು 1801ರಲ್ಲಿ, ಪ್ಯಾರಿಸ್ಸಿನಲ್ಲಿ. ಹುಡುಗಿಯ ಹೆಸರು ಶಾರ್ಲೊತ್ ದ್ಯು ವಾಲ್ ದೋನ್. ಹುಟ್ಟಿದ್ದು 1786, ಆಗ ಅವಳಿಗೆ 15ರ ಆಸುಪಾಸು. ಇಷ್ಟೂ ಗೊತ್ತು. ಗೊತ್ತಿಲ್ಲದೆ ಹೋದದ್ದು ಒಂದೇ: ಬರೆದವರು ಯಾರೆಂಬುದು. ಕವಿಯಾದವನು ಪದ್ಯದ ಕೊನೆಯಲ್ಲಿ ತನ್ನ ಅಂಕಿತವನ್ನು ಇರಿಸುವಂತೆ ಚಿತ್ರಕಾರನೂ ಪಟದ ಮೂಲೆಯಲ್ಲಿ ತನ್ನ ಹೆಸರನ್ನು ಗೀಚುವುದು ರೂಢಿ. ಈ ಪಟದ ನಾಲ್ಕು ಮೂಲೆಗಳಲ್ಲಿ ಎಲ್ಲಿಯೂ ಅದಿಲ್ಲ.

ಅಂಕಿತವಿಲ್ಲದ ಕೃತಿಗೆ ಲೋಕವು ತಾನೇ ಒಂದು ಅಂಕಿತವನ್ನು ಹುಡುಕಿಕೊಡುತ್ತದೆ. ಹುಡುಕುವಾಗ ಸಣ್ಣ ಹೆಸರನ್ನು ಯಾರೂ ಹುಡುಕುವುದಿಲ್ಲ. ಶಾರ್ಲೊತ್‌ಳ ಮನೆತನದಲ್ಲಿ ಪಟವು ತಲೆಮಾರುಗಳ ಕಾಲ ಉಳಿದು ಬಂದಿತು. ಅದು ಝಾಕ್ ಲೂಯಿ ದಾವೀದನ ಕೃತಿಯೆಂಬ ನಂಬಿಕೆಯೂ ಅದರೊಡನೆ ಬಂದಿತು. ದಾವೀದನೆಂದರೆ ಸಾಮಾನ್ಯನೇ? 1784ರಲ್ಲಿ ‘ಹೊರಾತಿಯರ ಪ್ರತಿಜ್ಞೆ’ಯನ್ನು ಬರೆದು ಯುರೋಪಿನ ಕಣ್ಣು ತೆರೆಸಿದವನು, 1793ರಲ್ಲಿ ಸ್ನಾನದ ತೊಟ್ಟಿಯಲ್ಲಿ ಕೊಲೆಯಾಗಿ ಬಿದ್ದ ಮಾರಾನನ್ನು ಬರೆದು ಕ್ರಾಂತಿಗೊಂದು ಮುಖವನ್ನು ಕೊಟ್ಟವನು, ಮುಂದೆ ನೆಪೋಲಿಯನ್ನನ ಪಟ್ಟಾಭಿಷೇಕವನ್ನು ಚಿತ್ರಿಸಿದವನು. ಅಂಥವನ ಹೆಸರನ್ನು ಹೊತ್ತುಕೊಂಡೇ ಪಟವು ಅಟ್ಲಾಂಟಿಕ್ ಸಮುದ್ರವನ್ನು ದಾಟಿತು. ಐಸಾಕ್ ಫ್ಲೆಚರ್ ಎಂಬ ಶ್ರೀಮಂತನ ಉಯಿಲಿನ ಮೂಲಕ 1917ರಲ್ಲಿ ವಸ್ತುಸಂಗ್ರಹಾಲಯವನ್ನು ಸೇರಿತು. ಜನ ಅದರ ಮುಂದೆ ಗುಂಪುಗೂಡಿದರು. ದಾವೀದನ ಚಿತ್ರಗಳಲ್ಲಿ ಜನಪ್ರಿಯವಾದುವುಗಳ ಸಾಲಿಗೆ ಅದೂ ಸೇರಿತು.

ಮೆಚ್ಚುವುದಕ್ಕೆ ಕಾರಣವಿಲ್ಲದೆ ಇಲ್ಲ. ಬೆಳಕನ್ನು ಹಿಂದಿಟ್ಟುಕೊಂಡು ಮುಖವನ್ನು ಬರೆಯುವುದು ಎಷ್ಟು ಕಷ್ಟವೆಂಬುದನ್ನು, ಮನೆಯ ಬಾಗಿಲಿಗೆ ಬೆನ್ನುಕೊಟ್ಟು ನಿಂತವರ ಛಾಯಾಚಿತ್ರ ತೆಗೆಯಹೋಗಿ ಮುಖವೆಲ್ಲ ಮಸಿಯಾದುದನ್ನು ಕಂಡವರು ಬಲ್ಲರು. ಸಾಮಾನ್ಯ ಚಿತ್ರಕಾರ ಕಿಟಕಿಯನ್ನು ಪಕ್ಕಕ್ಕೆ ಸರಿಸುತ್ತಾನೆ, ಬೆಳಕು ಕೆನ್ನೆಯ ಮೇಲೆ ನೇರವಾಗಿ ಬೀಳುತ್ತದೆ, ಕೆಲಸ ಸುಲಭ. ಇಲ್ಲಿ ಹಾಗಲ್ಲ. ಬೆಳಕು ಹಿಂದಿನಿಂದ ಬಂದು ಕೂದಲಿನ ಅಂಚನ್ನೂ ಹೆಗಲಿನ ಸುತ್ತನ್ನೂ ಬೆಳಗಿ, ಮಡಿಲಿನ ಬಿಳಿಯ ಮೇಲೆ ಬಿದ್ದು, ಅಲ್ಲಿಂದ ಪುಟಿದು ಮುಖಕ್ಕೆ ಏರುತ್ತದೆ. ಹೀಗಾಗಿ ಮುಖ ನೆರಳಿನಲ್ಲಿದೆ, ಆದರೂ ನೆರಳೊಳಗೇ ಹೊಳೆಯುತ್ತಿದೆ. ಬಿಳಿಯ ಬಟ್ಟೆಯೆಂದಮಾತ್ರಕ್ಕೆ ಅದರಲ್ಲಿ ಬಿಳಿಯ ಬಣ್ಣವೊಂದೇ ಇಲ್ಲ. ನೀಲಿ, ಬೂದು, ಹಾಲುಹಳದಿ ಎಲ್ಲವೂ ಒಂದರೊಳಗೊಂದು ಕರಗಿ, ದೂರದಿಂದ ನೋಡಿದರೆ ಬಿಳಿಯೆನಿಸುತ್ತದೆ. ಒಡೆದ ಗಾಜನ್ನು ಬರೆಯುವ ಅಗತ್ಯವೇನಿತ್ತು? ಕೇಳಿದರೆ ಉತ್ತರವಿಲ್ಲ, ಆದರೆ ಅದನ್ನು ಬೆರಳಿನಿಂದ ಮುಚ್ಚಿ ನೋಡಿದರೆ ಚಿತ್ರದ ಪ್ರಾಣದಲ್ಲಿ ಅರ್ಧ ಹೋದಂತೆ ಆಗುತ್ತದೆ.

ಇಷ್ಟೆಲ್ಲವನ್ನೂ ದಾವೀದನ ಖಾತೆಗೆ ಜಮಾ ಮಾಡಿ ರಸಿಕರು ಮೂರು ದಶಕಗಳ ಕಾಲ ನೆಮ್ಮದಿಯಿಂದಿದ್ದರು.

ಆ ನೆಮ್ಮದಿಯನ್ನು ಕೆಡಿಸಿದವನು ಚಾರ್ಲ್ಸ್ ಸ್ಟರ್ಲಿಂಗ್. ವಾರ್ಸಾದಲ್ಲಿ ಹುಟ್ಟಿ, ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ವಿದ್ವಾಂಸನಾಗಿದ್ದವನು. ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸ್ ನಾಟ್ಸಿಗಳ ಕೈಗೆ ಬಿದ್ದಾಗ ಯಹೂದಿಯಾದ ಅವನು ಅಮೆರಿಕೆಗೆ ಬಂದು ಮೆಟ್ರೊಪಾಲಿಟನ್ನಿನಲ್ಲಿ ಕೆಲಸ ಮಾಡಿದನು. 1951ರ ಜನವರಿಯಲ್ಲಿ ಅದೇ ಸಂಸ್ಥೆಯ ಪತ್ರಿಕೆಯಲ್ಲಿ ಅವನದೊಂದು ಲೇಖನ ಪ್ರಕಟವಾಯಿತು. ಅದರ ಸಾರ ಇಷ್ಟು: ಇದು ದಾವೀದನ ಚಿತ್ರವಲ್ಲ.

ಅವನಿಗೆ ಸಿಕ್ಕಿದ ಸಾಕ್ಷ್ಯ ಬಹು ಚೆಲುವಾದದ್ದು. ಆ ಕಾಲದಲ್ಲಿ ಪ್ಯಾರಿಸ್ಸಿನಲ್ಲಿ ನಡೆಯುತ್ತಿದ್ದ ಮಹಾ ಚಿತ್ರಪ್ರದರ್ಶನಕ್ಕೆ ‘ಸಲೋನ್’ ಎಂದು ಹೆಸರು. 1801ರ ಸಲೋನಿನ ಒಳನೋಟವನ್ನು ಮೊನ್ಸಾಲ್ದಿ, ದೆವಿಸ್ಮ್ ಎಂಬ ಇಬ್ಬರು ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚುಹಾಕಿದ್ದರು. ಗೋಡೆಯ ತುಂಬ ಒತ್ತೊತ್ತಾಗಿ ತೂಗುಹಾಕಿದ ಪಟಗಳು, ಒಂದೊಂದೂ ಅಂಚೆಚೀಟಿಯಷ್ಟು. ಆ ಗುಂಪಿನಲ್ಲಿ, ಕಿಟಕಿಗೆ ಬೆನ್ನುಮಾಡಿ ತೊಡೆಯ ಮೇಲೆ ಕಡತವಿಟ್ಟುಕೊಂಡ ನಮ್ಮ ಹುಡುಗಿಯೂ ಇದ್ದಾಳೆ! ಆದರೆ ದಾವೀದನು ಆ ವರ್ಷದ ಸಲೋನಿಗೆ ಚಿತ್ರ ಕಳುಹಿಸಿಯೇ ಇರಲಿಲ್ಲ. ಅವನು 1799ರಿಂದ ‘ಸಬೈನ್ ಸ್ತ್ರೀಯರು’ ಎಂಬ ತನ್ನ ದೊಡ್ಡ ಪಟವನ್ನು ಬೇರೆಯಾಗಿ ಇರಿಸಿ, ನೋಡಬಂದವರಿಂದ ಪ್ರವೇಶಧನವನ್ನು ವಸೂಲು ಮಾಡುತ್ತಿದ್ದನು. ಸಲೋನಿನ ಗೋಡೆಯ ಮೇಲಿದ್ದ ಪಟ ಅವನದಾಗಿರಲು ಹೇಗೆ ಸಾಧ್ಯ? ದೊಡ್ಡದೊಂದು ಹೆಸರನ್ನು ಉರುಳಿಸಲು ಅಂಚೆಚೀಟಿಯಷ್ಟಗಲದ ಗೆರೆಗಳು ಸಾಕಾದುವು.

ಸರಿ, ದಾವೀದನಲ್ಲವಾದರೆ ಮತ್ತಾರು? ಸ್ಟರ್ಲಿಂಗನು ಕೊನ್ಸ್ತಾಂಸ್ ಶಾರ್ಪಾಂತಿಯೆ ಎಂಬಾಕೆಯನ್ನು ಸೂಚಿಸಿದನು. ಆಕೆಯ ‘ವಿಷಾದ’ ಎಂಬ ಚಿತ್ರವೂ 1801ರದೇ. ಈಗ ಅಮಿಯೆನ್ ಪಟ್ಟಣದ ಸಂಗ್ರಹಾಲಯದಲ್ಲಿದೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ ಅವನು ಈ ತೀರ್ಮಾನಕ್ಕೆ ಬಂದನು. ಇಷ್ಟೇ ಆಗಿದ್ದರೆ ಪಂಡಿತರ ಪತ್ರಿಕೆಯ ಒಂದು ಟಿಪ್ಪಣಿಯಾಗಿ ಸಂಗತಿ ಮುಗಿದುಹೋಗುತ್ತಿತ್ತು. ಆದರೆ ಹೆಸರು ಬದಲಾದೊಡನೆ ಆ ವಿದ್ವಾಂಸನ ಕಣ್ಣೂ ಬದಲಾಯಿತು. ಚಿತ್ರದ ಕಾವ್ಯಗುಣ ಸಾಹಿತ್ಯದ್ದು, ಶಿಲ್ಪದ ಗಟ್ಟಿತನ ಅದರಲ್ಲಿಲ್ಲ. ಅದರ ಮೋಹಕತೆ ಮೇಲುನೋಟಕ್ಕೇ ಎದ್ದು ಕಾಣುತ್ತದೆ, ದೌರ್ಬಲ್ಯಗಳನ್ನು ಜಾಣತನದಿಂದ ಮರೆಮಾಡಲಾಗಿದೆ. ನೂರಾರು ಸಣ್ಣ ಉಪಾಯಗಳ ಕೂಟ ಅದು. ಇವೆಲ್ಲ ಹೆಂಗಸಿನ ಮನೋಧರ್ಮದ ಲಕ್ಷಣಗಳೆಂಬುದು ಅವನ ಅಭಿಪ್ರಾಯದ ತಾತ್ಪರ್ಯ.

ಸಾರನ್ನು ಎರಡು ಸಲ ಬಡಿಸಿಕೊಂಡು ಸವಿದವರು, ಅದು ಅತ್ತೆಯ ಕೈಯದಲ್ಲ, ಹೊಸ ಸೊಸೆಯ ಕೈಯದು ಎಂದು ತಿಳಿದ ಮೇಲೆ ‘ಉಪ್ಪು ತುಸು ಮುಂದಾಗಿತ್ತು’ ಎಂದರಂತೆ. ಪಟದ ಮೇಲಿನ ಬಣ್ಣದಲ್ಲಿ ಒಂದು ಕಣವೂ ಹೆಚ್ಚುಕಡಿಮೆಯಾಗಿರಲಿಲ್ಲ. 1950ರ ಡಿಸೆಂಬರಿನಲ್ಲಿ ಧೀರವಾಗಿದ್ದ ಗೆರೆ 1951ರ ಜನವರಿಯಲ್ಲಿ ದುರ್ಬಲವಾಯಿತು. ಹಳಗನ್ನಡ ಕಾವ್ಯಗಳ ಸಂಪಾದಕರಿಗೂ ಈ ಚಾಳಿ ಅಪರಿಚಿತವಲ್ಲ: ಒಳ್ಳೆಯ ಪದ್ಯವೆಲ್ಲ ಮೂಲಕವಿಯದು, ಛಂದಸ್ಸು ಮುಗ್ಗರಿಸಿದ್ದೆಲ್ಲ ಪಾಪ, ಪ್ರತಿಕಾರನದು.

ಆದರೂ ಸ್ಟರ್ಲಿಂಗನಿಗೆ ಅನ್ಯಾಯ ಮಾಡಬಾರದು. ತನ್ನ ಆಶ್ರಯದಾತ ಸಂಸ್ಥೆಯ ಹೆಮ್ಮೆಯ ಪಟವೊಂದರಿಂದ ಮಹಾ ಹೆಸರನ್ನು ಕಿತ್ತುಹಾಕುವುದಕ್ಕೆ ಧೈರ್ಯ ಬೇಕು. ಹೆಂಗಸೊಬ್ಬಳು ಇದನ್ನು ಬರೆದಿರಬಹುದೆಂಬ ಊಹೆ ತನಗೆ ಪ್ರಿಯವಾದುದೆಂದೂ ಅವನು ಒಪ್ಪಿಕೊಂಡನು. ಅವನು ಹೇಳದೆ ಇದ್ದಿದ್ದರೆ ದಾವೀದನ ಹೆಸರು ಇನ್ನೂ ಎಷ್ಟು ಕಾಲ ಅಲ್ಲಿ ಇರುತ್ತಿತ್ತೋ. ಹೆಂಗಸಿಗೆ ಬಾಗಿಲನ್ನು ತೆರೆದವನೂ ಅವನೇ. ಒಳಗೆ ಬಂದವಳಿಗೆ ಕೆಳಗಿನ ಮಣೆಯನ್ನು ಹಾಕಿದವನೂ ಅವನೇ.

ಶಾರ್ಪಾಂತಿಯೆಯ ಹೆಸರೂ ಗಟ್ಟಿಯಾಗಿ ನಿಲ್ಲಲಿಲ್ಲ. ಪಟವು ದಾವೀದನದಂತೂ ಅಲ್ಲ, ಈಕೆಯದೆಂಬುದಕ್ಕೂ ಭದ್ರವಾದ ಆಧಾರವಿಲ್ಲ ಎಂಬ ತ್ರಿಶಂಕುಸ್ಥಿತಿಯಲ್ಲಿ ವರ್ಷಗಳು ಕಳೆದುವು. ತಂದೆಯ ಹೆಸರನ್ನು ಕೇಳಿದರೆ ತಲೆತಗ್ಗಿಸುವ ಅನಾಥ ಬಾಲೆಯಂತೆ ಆ ಹುಡುಗಿ ಇರಲಿಲ್ಲ. ಮೊದಲಿನಷ್ಟೇ ನೆಟ್ಟಗೆ ನೋಡುತ್ತಿದ್ದಳು. ಮಹಾನ್ ಕಲಾವಿದೆಯರು ಏಕೆ ಆಗಿಹೋಗಿಲ್ಲವೆಂಬ ಪ್ರಶ್ನೆಯನ್ನೇ ತಲೆಬರಹವಾಗಿಟ್ಟು ಲಿಂಡಾ ನಾಕ್ಲಿನ್ ಎಂಬ ವಿದುಷಿ ಪ್ರಬಂಧ ಬರೆದುದು 1971ರಲ್ಲಿ. ಕೊರತೆಯನ್ನು ಹೆಂಗಸರ ಕೈಯಲ್ಲಿ ಹುಡುಕಬೇಡಿ, ಶಾಲೆಗಳಲ್ಲಿಯೂ ಅಕಾಡೆಮಿಗಳಲ್ಲಿಯೂ ಹುಡುಕಿರಿ ಎಂಬುದು ಅದರ ವಾದ. ಅಲ್ಲಿಂದಾಚೆಗೆ ಹಳೆಯ ಪಟ್ಟಿಗಳನ್ನೂ ದಾಖಲೆಗಳನ್ನೂ ಬೇರೆ ಕಣ್ಣಿನಿಂದ ಓದುವವರು ಹುಟ್ಟಿಕೊಂಡರು. ಅಂಥವರಲ್ಲಿ ಒಬ್ಬಾಕೆ ಮಾರ್ಗರೆಟ್ ಓಪನ್‌ಹೈಮರ್. 1990ರ ದಶಕದ ನಡುವಿನಲ್ಲಿ ಆಕೆ, ಶೈಲಿಯ ಹೋಲಿಕೆಗಳನ್ನು ಕೂಡಿಸಿ, ಹೊಸದೊಂದು ಹೆಸರನ್ನು ಮುಂದಿಟ್ಟಳು: ಮಾರಿ ದನೀಸ್ ವಿಲೇರ್. ಈಗ ಮೆಟ್ರೊಪಾಲಿಟನ್ನಿನ ಫಲಕದ ಮೇಲಿರುವುದು ಈ ಹೆಸರೇ.

ಯಾರು ಈ ವಿಲೇರ್? ತವರಿನ ಹೆಸರು ಲೆಮ್ವಾನ್. ಬಳಗದವರ ಬಾಯಲ್ಲಿ ‘ನೀಸಾ’. ಹುಟ್ಟಿದ್ದು 1774ರಲ್ಲಿ, ಪ್ಯಾರಿಸ್ಸಿನಲ್ಲಿ. ಅಕ್ಕಂದಿರೂ ಚಿತ್ರಕಾರ್ತಿಯರೇ. ಅವರಲ್ಲಿ ಮಾರಿ ವಿಕ್ತ್ವಾರ್ ನೀಸಾಳಿಗಿಂತ 20 ವರ್ಷಕ್ಕೆ ಹಿರಿಯಳು. ಆಕೆ 1789ರಲ್ಲಿ ಬರೆದ ಪಟವೊಂದರಲ್ಲಿ ಬಣ್ಣದ ಹಲಗೆ ಹಿಡಿದು ನಿಂತ ಚಿತ್ರಕಾರ್ತಿ. ಪಕ್ಕದಲ್ಲಿ ತಗ್ಗಿನ ಮಣೆಯ ಮೇಲೆ ಕುಳಿತು ಗೆರೆ ಎಳೆಯುತ್ತಿರುವ ಶಿಷ್ಯೆ. ಕಾಕತಾಳೀಯವೋ ಏನೋ, ಅದೂ ಇಂದು ಮೆಟ್ರೊಪಾಲಿಟನ್ನಿನಲ್ಲಿಯೇ ಇದೆ. ಬರೆಯುವ ಹೆಂಗಸನ್ನು ಬರೆಯುವುದು ಆ ಮನೆಯ ಹೆಣ್ಣುಮಕ್ಕಳಿಗೆ ಪರಿಚಿತವಾದ ವಸ್ತುವೆಂದಾಯಿತು.

ನೀಸಾ ಬೆಳೆದ ಕಾಲವೂ ವಿಚಿತ್ರವಾದದ್ದು. ಹಳೆಯ ರಾಜಾಶ್ರಯದ ಅಕಾಡೆಮಿಯಲ್ಲಿ ಒಂದು ಕಾಲಕ್ಕೆ ನಾಲ್ವರಿಗಿಂತ ಹೆಚ್ಚು ಹೆಂಗಸರು ಸದಸ್ಯರಾಗುವಂತಿರಲಿಲ್ಲ. ಸಲೋನಿನಲ್ಲಿ ಚಿತ್ರ ಇಡಲು ಅಕಾಡೆಮಿಯವರಿಗೆ ಮಾತ್ರ ಅಧಿಕಾರ. ಕ್ರಾಂತಿ ಬಂದಿತು, 1791ರಲ್ಲಿ ಸಲೋನಿನ ಬಾಗಿಲು ಎಲ್ಲರಿಗೂ ತೆರೆಯಿತು, 1793ರಲ್ಲಿ ಅಕಾಡೆಮಿಯೇ ಮುಚ್ಚಿಹೋಯಿತು. ಆದರೆ ಬೆತ್ತಲೆಯ ಮೈಕಟ್ಟನ್ನು ಎದುರಿಗಿಟ್ಟುಕೊಂಡು ಅಭ್ಯಾಸ ಮಾಡುವ ತರಗತಿಗಳಲ್ಲಿ ಗಂಡಸರ ಜೊತೆಗೆ ಕೂರುವುದು ಹೆಂಗಸಿಗೆ ಆಗಲೂ ನಿಷಿದ್ಧ. ವೀರರು ಕತ್ತಿ ಹಿರಿಯುವ ಚಾರಿತ್ರಿಕ ಚಿತ್ರಗಳು ಹುಟ್ಟುವುದೇ ಆ ಅಭ್ಯಾಸದಿಂದ. ಹೀಗಾಗಿ ಹೆಂಗಸರ ಪಾಲಿಗೆ ಉಳಿದದ್ದು ಭಾವಚಿತ್ರ, ಹೂವು, ಮನೆಯೊಳಗಿನ ದೃಶ್ಯ. ಆಮೇಲೆ ವಿಮರ್ಶಕರು, ‘ನೋಡಿ, ಹೆಂಗಸರು ಮನೆಯೊಳಗಿನದನ್ನೇ ಬರೆಯುತ್ತಾರೆ’ ಎಂದರು!

ನೀಸಾ ಝಿರೊದೆ ಎಂಬ ಚಿತ್ರಕಾರನಲ್ಲಿ ಕಲಿತಳು. ಆ ಝಿರೊದೆ ದಾವೀದನ ಶಿಷ್ಯ. ಅಂದಮೇಲೆ ಪಟದಲ್ಲಿ ದಾವೀದನ ಛಾಯೆ ಕಂಡವರು ಪೂರ್ತಿ ತಪ್ಪಿದವರಲ್ಲ. ಅಜ್ಜನ ಮೂಗು ಮೊಮ್ಮಗಳಿಗೆ ಬಂದಿತ್ತು. 1799ರಲ್ಲಿ ಆಕೆ ಮೊದಲ ಬಾರಿಗೆ ಸಲೋನಿನಲ್ಲಿ ಕಾಣಿಸಿಕೊಂಡಳು. 1802ರಲ್ಲಿ ಬರೆದ ಇನ್ನೊಂದು ಪಟ ಈಗ ಲೂವ್ರ್‌ನಲ್ಲಿದೆ: ಹೆಂಗಸೊಬ್ಬಳು ಬಾಗಿ ಪಾದರಕ್ಷೆಯ ದಾರವನ್ನು ಬಿಗಿಯುತ್ತಿದ್ದಾಳೆ. ಎಂಥ ಸಾಧಾರಣ ಕ್ಷಣ! ಆದರೂ ಆ ಬಾಗಿದ ಬೆನ್ನಿನಲ್ಲಿ, ತಲೆಯೆತ್ತಿದ ಶಾರ್ಲೊತ್‌ಳ ನೋಟದಲ್ಲಿ ಇರುವಂಥದೇ ಒಂದು ತಡೆಹಿಡಿದ ಚಲನೆ ಇದೆ. 1814ರ ಸಲೋನಿನ ಅನಂತರ ಆಕೆಯ ಸುದ್ದಿಯಿಲ್ಲ. 1821ರಲ್ಲಿ ತೀರಿಕೊಂಡಳು, ಆಗ ವಯಸ್ಸು 47. ಆಕೆಯವೆಂದು ಇಂದು ಗುರುತಿಸಿರುವ ಪಟಗಳು ಬೆರಳಲ್ಲಿ ಎಣಿಸುವಷ್ಟು.

ಚಿತ್ರದಲ್ಲಿರುವ ಆ ಬರಿಯ ಕೋಣೆಯನ್ನು ಕುರಿತು ಆನ್ ಹಿಗೊನೆ ಎಂಬ ಕಲಾ ಇತಿಹಾಸಕಾರ್ತಿ ಇತ್ತೀಚಿನ ವರ್ಷಗಳಲ್ಲಿ ಹೊಸ ವಿಚಾರ ಹೇಳಿದ್ದಾರೆ: ಅದು ಲೂವ್ರ್ ಅರಮನೆಯ ಒಳಗಿನದೇ, ಹೆಣ್ಣುಮಕ್ಕಳು ಚಿತ್ರ ಕಲಿಯುತ್ತಿದ್ದ ಜಾಗ ಎಂದು. ಆಗ ಲೂವ್ರ್‌ನಲ್ಲಿ ಚಿತ್ರಕಾರರು ವಾಸವಾಗಿದ್ದರು, ಪಾಠ ಹೇಳುತ್ತಿದ್ದರು. ನೆಪೋಲಿಯನ್ನನು ಅವರನ್ನೆಲ್ಲ ಹೊರಡಿಸಿದ್ದು ಆಮೇಲೆ. ಈ ಮಾತು ದಿಟವಾದರೆ ಪಟದ ಅರ್ಥವೇ ಬೇರೆಯಾಗುತ್ತದೆ. ಶ್ರೀಮಂತರ ಮನೆಯ ಮಗಳೊಬ್ಬಳು ಹೊತ್ತು ಹೋಗದೆ ಗೆರೆ ಗೀಚುತ್ತ ಕುಳಿತುದಲ್ಲ ಇದು. ಅವಳು ಕೆಲಸದಲ್ಲಿದ್ದಾಳೆ. ಒಡೆದ ಗಾಜನ್ನು ಯಾರೂ ಸರಿಪಡಿಸದಿರುವುದು ಅದಕ್ಕೇ. ದಿವಾನಖಾನೆಯಲ್ಲಿ ಒಡೆದ ಗಾಜನ್ನು ಯಾರು ಉಳಿಸುತ್ತಾರೆ? ಬರೆದ ಕಟ್ಟಡ, ತೂಗುಹಾಕಿದ ಸಲೋನು, ಎರಡೂ ಒಂದೇ ಸೂರಿನ ಕೆಳಗಿದ್ದಂತಾಯಿತು.

ಆ ಕೆಲಸ ಮುಂದುವರಿಯಲಿಲ್ಲ. ವೃತ್ತಿಯ ಚಿತ್ರಕಾರ್ತಿಯಾಗಬೇಕೆಂಬ ಆಸೆ ಶಾರ್ಲೊತ್‌ಳಿಗೆ ಇತ್ತು. ಮದುವೆಯಾಯಿತು, ಕಡ್ಡಿಯನ್ನು ಕೆಳಗಿಟ್ಟಳು. ಇದರಲ್ಲಿ ಆಶ್ಚರ್ಯಪಡುವುದಕ್ಕೇನೂ ಇಲ್ಲ. ವೀಣೆಗೆ ಗವಸು ಹಾಕಿ ಅಟ್ಟಕ್ಕೇರಿಸಿದ ತಾಯಂದಿರಿಲ್ಲದ ಮನೆ ಯಾವ ದೇಶದಲ್ಲಿದೆ? ಕಿಟಕಿಯಾಚೆಯ ಜೋಡಿಯನ್ನು ಈ ವಿಷಯ ತಿಳಿದ ಮೇಲೆ ನೋಡಿದರೆ, ಅವರು ಅಲ್ಲಿ ಸುಮ್ಮನೆ ನಿಂತವರಲ್ಲವೇನೋ ಎನಿಸುತ್ತದೆ. ಒಳಗೆ ಒಬ್ಬಳೇ ಕುಳಿತು ಬರೆಯುವ ಹುಡುಗಿ. ಹೊರಗೆ ಬಿಸಿಲಿನಲ್ಲಿ ದಂಪತಿಗಳಂತೆ ನಿಂತ ಇಬ್ಬರು. ನಡುವೆ ಬಿರುಕುಬಿಟ್ಟ ಗಾಜು. ಚಿತ್ರಕಾರ್ತಿ ಇಷ್ಟೆಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಬರೆದಳೆಂದು ಹೇಳಹೊರಟರೆ ಸ್ಟರ್ಲಿಂಗನ ಆತ್ಮ ‘ಸಾಹಿತ್ಯ, ಸಾಹಿತ್ಯ!’ ಎಂದು ನಕ್ಕೀತು. ಇರಲಿ. ಸಾಹಿತ್ಯವಾದರೆ ಆಗಲಿ.

ಪಟವನ್ನು ಬರೆದವಳು 1821ರಲ್ಲಿ ಕಣ್ಣುಮುಚ್ಚಿದಳು. ಬರೆಸಿಕೊಂಡವಳು 1868ರವರೆಗೆ ಬದುಕಿದಳು. ಎಂದರೆ, 47 ವರ್ಷಗಳ ಕಾಲ, ಎದುರಿಗೆ ಕುಳಿತು ಕುಂಚ ಹಿಡಿದಿದ್ದ ಮುಖ ಯಾರದೆಂಬುದನ್ನು ಕಣ್ಣಾರೆ ಕಂಡಿದ್ದ ಮುದುಕಿಯೊಬ್ಬಳು ಇದ್ದಳು. ಅವಳ ಮನೆತನವೇ ಮುಂದೆ ಅದನ್ನು ದಾವೀದನದೆಂದು ನಂಬಿತು. ಮೊಮ್ಮಕ್ಕಳ ವಯಸ್ಸಿನವರು ‘ಇದು ಯಾರು ಬರೆದದ್ದು?’ ಎಂದು ಒಮ್ಮೆಯೂ ಕೇಳಲಿಲ್ಲವೆ? ಕೇಳಿದಾಗ ಅವಳು ಹೇಳಿದ ಹೆಸರು ಕೇಳಿದವರ ಕಿವಿಯಲ್ಲಿ ನಿಲ್ಲಲಿಲ್ಲವೆ?

ಪಟದಲ್ಲಿ ಅವಳ ತೊಡೆಯ ಮೇಲಿನ ಹಾಳೆ ನೋಡುವವರಿಗೆ ಕಾಣದಂತೆ ಓರೆಯಾಗಿದೆ. ಅವಳು ಏನನ್ನು ಬರೆಯುತ್ತಿದ್ದಾಳೆಂಬುದು ಗೋಚರವಿಲ್ಲ. ಆದರೆ ಅವಳ ದೃಷ್ಟಿ ನೆಟ್ಟಿರುವುದು ತನ್ನನ್ನು ಬರೆಯುತ್ತಿರುವವರ ಮೇಲೆ. ಅಳತೆ ತೆಗೆದುಕೊಂಡಾಯಿತು, ಇನ್ನು ತಲೆ ಬಗ್ಗಿಸಿ ಆ ಮುಖದ ಗೆರೆಯನ್ನು ಹಾಳೆಯ ಮೇಲೆ ಎಳೆಯುವುದಷ್ಟೇ ಬಾಕಿ.